ಅಕ್ಕಿಹಿಟ್ಟಿನಲ್ಲಿ ಮೊಮ್ಮಗಳ ಅಚ್ಚು

ನಾನು ಓದು ಬಿಟ್ಟಿದ್ದು 1986ರಲ್ಲಿ, ಎಂಟನೇ ಕ್ಲಾಸು ಅರ್ಧ ಮುಗಿದಿದ್ದಾಗ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ಕೆಲಸದಲ್ಲಿದ್ದರು. ವಿಷಯ ಗೊತ್ತಾದ ಮೇಲೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಎಂಟನೇ ದಿನ ಓಲ್ಡ್ ಟೌನಿನಲ್ಲಿ ಗಾಡಿಗಳ ಸೀಟು ಹೊಲಿಯುವ ಅಂಗಡಿಗೆ ಕರೆದುಕೊಂಡು ಹೋಗಿ ಉಸ್ತಾದರ ಮುಂದೆ ನಿಲ್ಲಿಸಿದರು. "ಇವನಿಗೆ ಒಂದು ಕಡೆ ಕೂರೋಕಾಗಲ್ಲ. ಬೇರೆಯವರನ್ನ ಕೂರಿಸೋದಾದ್ರೂ ಕಲೀಲಿ" ಅಂದರು. ಉಸ್ತಾದರು ನನ್ನ ಬೆರಳು ಹಿಡಿದು ನೋಡಿ, ಸೂಜಿ ಕೈಗೆ ಕೊಟ್ಟರು.

ಕಲಿತೆ. ಇದನ್ನು ಸಂಕೋಚಪಟ್ಟುಕೊಂಡು ಹೇಳುವವನಲ್ಲ ನಾನು. ಭದ್ರಾವತಿ ಶಿವಮೊಗ್ಗದ ನಡುವೆ ಬಸ್ಸಿನಲ್ಲಿ ಓಡಾಡಿದವರಾದರೆ ನೀವು ಒಂದಲ್ಲ ಒಂದು ದಿನ ನನ್ನ ಕೈಕೆಲಸದ ಮೇಲೆ ಕೂತಿರುತ್ತೀರಿ. ಸೊಂಟ ನೋವು ಬಂದಿಲ್ಲ ಎಂದರೆ ಆ ಸೀಟು ನನ್ನದು. ಬಂದಿದ್ದರೆ ಬೇರೆಯವರದು.

ಸ್ಪಂಜು ಕತ್ತರಿಸುವುದು, ರೆಕ್ಸಿನ್ ಎಳೆದು ಹೊಲಿಯುವುದು ಉಸ್ತಾದರಿಂದ ಬಂದ ವಿದ್ಯೆ. ಆದರೆ ನನ್ನ ಅಂಗಡಿಗೆ ಹೆಸರು ಬಂದದ್ದು ಅಪ್ಪನ ಮರಳಿನಿಂದ. ಕಬ್ಬಿಣ ಎರಕ ಹೊಯ್ಯುವವರು ಮೊದಲು ಮರದ ಮಾದರಿಯನ್ನು ಹದವಾದ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಆ ಮರಳು ಹಿಡಿದರೆ ಹಿಡಿದ ಹಾಗೆ ನಿಲ್ಲುತ್ತದೆ, ಹೆಬ್ಬೆರಳಿನ ಗೆರೆಯೂ ಅದರಲ್ಲಿ ಮೂಡುತ್ತದೆ. ಅಪ್ಪ ರಿಟೈರಾದ ಮೇಲೆ ಅಂಥ ಹಳೆ ಮರಳು ಎರಡು ಮೂಟೆ ನಮ್ಮ ಹಿತ್ತಲಿನಲ್ಲಿ ಬಿದ್ದಿತ್ತು. ಒಂದು ದಿನ ನನಗೆ ಹೊಳೆಯಿತು: ಕಬ್ಬಿಣಕ್ಕೆ ಅಚ್ಚು ತೆಗೆಯಬಹುದಾದರೆ ಡ್ರೈವರಿಗೆ ಯಾಕೆ ತೆಗೆಯಬಾರದು? ಮರದ ಪೆಟ್ಟಿಗೆಯಲ್ಲಿ ಮರಳು ತುಂಬಿ, ಮೇಲೆ ತೆಳು ಬಟ್ಟೆ ಹಾಸಿ, ಡ್ರೈವರನ್ನು ಅದರ ಮೇಲೆ ಕೂರಿಸಿ ಎಬ್ಬಿಸುತ್ತಿದ್ದೆ. ಮರಳಿನಲ್ಲಿ ಅವನ ಕೂರುವ ರೀತಿ ಪೂರ್ತಿ ಬರೆದಿರುತ್ತಿತ್ತು. ಯಾವ ಕಡೆಗೆ ಭಾರ ಹಾಕುತ್ತಾನೆ, ಯಾವ ತೊಡೆ ಹೆಚ್ಚು ಒತ್ತುತ್ತದೆ, ಎಲ್ಲವೂ. ಕಡ್ಡಿಯಿಂದ ಆಳ ಅಳೆದು ಅದೇ ಲೆಕ್ಕಕ್ಕೆ ಸ್ಪಂಜು ಕೊಯ್ಯುತ್ತಿದ್ದೆ. ಡ್ರೈವರುಗಳು ಸುಮ್ಮನಿರುತ್ತಾರೆಯೇ? "ಬೆಳಿಗ್ಗೆ ಬೆಳಿಗ್ಗೆ ಮರಳಲ್ಲಿ ಕೂರಿಸ್ತೀಯಲ್ಲ ಮಾರಾಯ, ಮೊಟ್ಟೆ ಇಡಬೇಕಾ?" ಎಂದು ಒಬ್ಬ ಕೇಳಿದ್ದ. ಇಡು, ಆಮ್ಲೆಟ್ ನಾನು ಹಾಕಿಸ್ತೀನಿ ಅಂದಿದ್ದೆ. ಅವನು ಈಗಲೂ ನನ್ನ ಗಿರಾಕಿ.

ಇಷ್ಟು ಪೀಠಿಕೆ ಯಾಕೆಂದರೆ, ಮುಂದೆ ನಾನು ಮಾಡಿದ ತಪ್ಪು ಈ ಮರಳಿನ ಅಹಂಕಾರದಿಂದಲೇ ಬಂದದ್ದು.

ಮೂರು ವರ್ಷದ ಹಿಂದಿನ ಮಾತು. ನನ್ನ ಮಗಳು ಇರುವುದು ಭದ್ರಾವತಿಯದೇ ಜನ್ನಾಪುರ ಬಡಾವಣೆಯಲ್ಲಿ, ಅವಳ ಮಗಳಿಗೆ ಆಗ ನಾಲ್ಕು ವರ್ಷ. ಈ ಮೊಮ್ಮಗಳು ನನ್ನ ಅಂಗಡಿಯಲ್ಲೇ ಬೆಳೆದವಳು. ಹೊಲಿಗೆ ಮಷೀನು ಎಷ್ಟೇ ಬಡಿದುಕೊಳ್ಳಲಿ, ಅದರ ಪಕ್ಕದಲ್ಲೇ ಸ್ಪಂಜಿನ ಚೂರುಗಳ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದಳು. ಒಂದು ಭಾನುವಾರ ಮಗಳು ಅವಳಿಗೆ ಸ್ನಾನ ಮಾಡಿಸುವಾಗ ಹೊಟ್ಟೆಯ ಎಡಗಡೆ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ಕೂಸಿಗೆ ನೋವಿಲ್ಲ, ಜ್ವರವಿಲ್ಲ, ಮುಟ್ಟಿದರೆ ಕಚಗುಳಿ ಎಂದು ನಗುತ್ತಿದ್ದಳು. ಮಾರನೆಯ ದಿನ ಹೊಟ್ಟೆ ಸ್ಕ್ಯಾನ್ ಮಾಡಿಸಿದರು. ಎಡ ಕಿಡ್ನಿಯಲ್ಲಿ ಗಂಟು, ಬಲ ಕಿಡ್ನಿಯ ಮೇಲೂ ಏನೋ ಒಂದು ನೆರಳು, ಸ್ಪಷ್ಟವಿಲ್ಲ ಎಂದು ಬರೆದುಕೊಟ್ಟರು.

ಶಿವಮೊಗ್ಗದ ಮಕ್ಕಳ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಇದು ಮಕ್ಕಳಿಗೆ ಬರುವ ಕ್ಯಾನ್ಸರ್ ಇರಬಹುದು. ಹೆದರಬೇಡಿ, ಈ ಜಾತಿಯದ್ದು ಸರಿಯಾದ ಹೊತ್ತಿಗೆ ಹಿಡಿದರೆ ಹೆಚ್ಚಿನ ಮಕ್ಕಳಲ್ಲಿ ವಾಸಿಯಾಗುತ್ತದೆ. ಆದರೆ ಮೊದಲು ಒಂದು ವಿಷಯ ಖಚಿತವಾಗಬೇಕು. ಗಂಟು ಒಂದೇ ಕಿಡ್ನಿಯಲ್ಲಿದ್ದರೆ ಚಿಕಿತ್ಸೆಗೆ ಒಂದು ದಾರಿ, ಎರಡರಲ್ಲೂ ಇದ್ದರೆ ಬೇರೆಯೇ ದಾರಿ, ಅದು ಕಷ್ಟದ್ದು. ಒಂದೋ ಎರಡೋ ಎಂದು ತಿಳಿಯಲು ಎಂಆರ್‌ಐ ಚಿತ್ರ ಚೆನ್ನಾಗಿ ಬರಬೇಕು.

ಒಂದೋ, ಎರಡೋ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ.

ಮಕ್ಕಳಿಗೆ ಎಂಆರ್‌ಐ ಮಾಡುವಾಗ ಸಾಮಾನ್ಯವಾಗಿ ಮಂಪರಿನ ಮದ್ದು ಕೊಟ್ಟು ಮಲಗಿಸುತ್ತಾರೆ. ನಮ್ಮ ಕೂಸಿಗೆ ಆಗ ಶೀತ, ಕೆಮ್ಮು. ಎದೆ ಪೂರ್ತಿ ತಿಳಿಯಾಗುವ ತನಕ ಮದ್ದು ಕೊಡುವುದಿಲ್ಲ, ಎರಡು ಮೂರು ವಾರ ಕಾಯಿರಿ ಎಂದರು ಮದ್ದು ಕೊಡುವ ಡಾಕ್ಟರು. ಅಷ್ಟು ಕಾಯುವುದು ಬೇಡ ಎಂದರು ಮಕ್ಕಳ ಡಾಕ್ಟರು. ಕೊನೆಗೆ, ಎಚ್ಚರದಲ್ಲೇ ಒಮ್ಮೆ ಪ್ರಯತ್ನ ಮಾಡೋಣ ಎಂದಾಯಿತು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಚಿತ್ರ ನೋಡಿ ಹೇಳುವ ಡಾಕ್ಟರಮ್ಮ ಒಬ್ಬರು, ಮಷೀನು ನಡೆಸುವ ಟೆಕ್ನಿಷಿಯನ್ ಒಬ್ಬರು. ಟೆಕ್ನಿಷಿಯನ್ ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮೊಮ್ಮಗಳ ಗೆಜ್ಜೆ, ಕಿವಿಯ ಓಲೆ, ಕ್ಲಿಪ್ಪು ಎಲ್ಲ ಬಿಚ್ಚಿಸಿದರು. ಒಳಗಿರುವುದು ದೊಡ್ಡ ಅಯಸ್ಕಾಂತ, ಕಬ್ಬಿಣ ಒಳಗೆ ಹೋಗಲೇಬಾರದು ಎಂದರು. ಮಗಳು ಜೊತೆಗೆ ಹೋದಳು. ಅರ್ಧ ಗಂಟೆಯ ಮೇಲೆ ಹೊರಗೆ ಬಂದಾಗ ಅವಳ ಮುಖ ನೋಡಿಯೇ ಗೊತ್ತಾಯಿತು.

ಚಿತ್ರ ತೋರಿಸಿ ಅಂದೆ. ಡಾಕ್ಟರಮ್ಮ ನನ್ನ ಮುಖ ನೋಡಿದರು, ಬೇಡ ಅನ್ನಲಿಲ್ಲ. ಪರದೆಯ ಮೇಲೆ ಎಲ್ಲವೂ ಎರಡೆರಡಾಗಿ, ಓಡುವ ಬಸ್ಸಿನಿಂದ ತೆಗೆದ ಫೋಟೋದ ಹಾಗೆ ಎಳೆದುಹೋಗಿತ್ತು.

"ಹೆದರಿದ್ಲಾ?" ಅಂದೆ.

"ಹೆದರಲೇ ಇಲ್ಲ ಯಜಮಾನ್ರೆ. ಅದೇ ಆಶ್ಚರ್ಯ. ಶಬ್ದಕ್ಕೂ ಅಳಲಿಲ್ಲ. ಆದ್ರೆ ಜಾರ್ತಾಳೆ, ಕೆರ್ಕೋತಾಳೆ, ಕಾಲು ಮಡಚ್ತಾಳೆ. ಮೂರು ಮೂರು ನಿಮಿಷ ಒಂದೇ ಸಮ ಇದ್ರೂ ನನಗೆ ಸಾಕಿತ್ತು."

ನಾನು ಗಾಜಿನಾಚೆ ಆ ಹಾಸಿಗೆಯನ್ನು ನೋಡಿದೆ. ಮೂವತ್ತಾರು ವರ್ಷದ ಕಸುಬು ಸುಮ್ಮನೆ ಹೋಗುತ್ತದೆಯೇ? ಆರಡಿ ಗಂಡಸಿಗೆಂದು ಮಾಡಿದ ಗಟ್ಟಿ ಹಾಸಿಗೆ, ನಡುವೆ ದೋಣಿಯ ಹಾಗೆ ತಗ್ಗು. ಅದರಲ್ಲಿ ನಮ್ಮ ಕೂಸು ಡಬರಿಯೊಳಗಿನ ನಿಂಬೆಹಣ್ಣಿನ ಹಾಗೆ ಉರುಳಾಡಿರುತ್ತಾಳೆ. ಸೊಂಟಕ್ಕೆ ಆಧಾರವಿಲ್ಲ, ಮಂಡಿಯ ಕೆಳಗೆ ಏನೂ ಇಲ್ಲ. ನಾನಾದರೂ ಅಲ್ಲಿ ಮೂರು ನಿಮಿಷ ಸುಮ್ಮನೆ ಮಲಗುತ್ತಿರಲಿಲ್ಲ.

"ಕೂಸಿನದೇನೂ ತಪ್ಪಿಲ್ಲಮ್ಮ, ಸೀಟಿನ ತಪ್ಪು" ಅಂದೆ. "ನಾಲ್ಕು ದಿನ ಟೈಮ್ ಕೊಡಿ. ಅವಳ ಮೈಗೆ ಸರಿಯಾಗಿ ಹಾಸಿಗೆ ಮಾಡ್ಕೊಂಡು ಬರ್ತೀನಿ."

ಡಾಕ್ಟರಮ್ಮ ಟೆಕ್ನಿಷಿಯನ್ ಮುಖ ನೋಡಿದರು. ಇಂಥವು ಹೊರದೇಶದಲ್ಲಿ ತಯಾರಾಗಿ ಬರುತ್ತವೆ, ಇಲ್ಲಿ ನಮ್ಮ ಹತ್ತಿರ ಇಲ್ಲ ಎಂದರು ಟೆಕ್ನಿಷಿಯನ್. ನಾನು ನನ್ನ ಅಂಗಡಿಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಕಾರ್ಡು ಓದಿ ಡಾಕ್ಟರಮ್ಮನಿಗೆ ನಗು ಬಂತೋ ಏನೋ, ಆದರೂ ಒಪ್ಪಿದರು. ಬೆನ್ನಿನ ಅಡಿ ಎರಡು ಬೆರಳಿಗಿಂತ ದಪ್ಪ ಬೇಡ, ಕಬ್ಬಿಣ ಒಂದು ಚೂರೂ ಬೇಡ ಎಂದು ಎರಡು ಕಟ್ಟಳೆ ಹಾಕಿದರು.

ವಾಪಸ್ ಹೋಗುವಾಗ, ಜೊತೆಗೆ ಬಂದಿದ್ದ ನನ್ನ ಹೆಂಡತಿ ಕೋಟೆಯ ಅಮ್ಮನ ಗುಡಿಯಲ್ಲಿ ಕೈಮುಗಿದು ಬರಬೇಕು ಎಂದು ಆ ಕಡೆ ಹೋದಳು. ನಾನು ಬಸ್ ಸ್ಟಾಂಡಿಗೆ ನಡೆದೆ, ತಲೆಯೊಳಗೆ ಆಗಲೇ ಸ್ಪಂಜು ಕೊಯ್ಯುತ್ತಿದ್ದೆ.

ಸೀಟಿನವನಿಗೆ ಕಬ್ಬಿಣ ಬಿಡು ಎಂದರೆ ಅಡುಗೆಯವನಿಗೆ ಉಪ್ಪು ಬಿಡು ಎಂದ ಹಾಗೆ. ನಮ್ಮ ಬಾಯಲ್ಲಿ ಸದಾ ನಾಲ್ಕು ಮೊಳೆ ಇರುತ್ತವೆ, ಮಾತಾಡುವಾಗಲೂ ತುಟಿಯ ಸಂದಿಯಲ್ಲಿ ಹಿಡಿದುಕೊಂಡಿರುತ್ತೇವೆ. ಆದರೂ ಬಿಟ್ಟೆ. ಮೊಳೆಯಿಲ್ಲ, ಪಿನ್ನಿಲ್ಲ, ಜಿಪ್ಪಿಲ್ಲ, ಅಡಿಗೆ ಹಲಗೆಯೂ ಇಲ್ಲ. ಬರೀ ಸ್ಪಂಜು, ಬಟ್ಟೆ, ನೂಲು. ಮೊಮ್ಮಗಳನ್ನು ಡ್ರೈವರುಗಳ ಪೆಟ್ಟಿಗೆಯಲ್ಲಿ ಮಲಗಿಸಿ ಅಚ್ಚು ತೆಗೆದೆ. ಅವಳಿಗೆ ಪರಮಾನಂದ. ಅಚ್ಚಿನೊಳಗೇ ಸ್ಪಂಜು ಇಟ್ಟು ನೋಡಿ ನೋಡಿ ಕೊಯ್ದೆ. ಕೆಮ್ಮು ಬಾರದಿರಲೆಂದು ಹೆಗಲಿನ ಕಡೆ ಒಂದಿಷ್ಟು ಏರಿಸಿದೆ, ಮಂಡಿಯ ಕೆಳಗೆ ಒಂದು ಗುಡ್ಡ ಮಾಡಿದೆ. ಹಾಸಿಗೆ ಅಲುಗಾಡಬಾರದಲ್ಲ, ಎರಡೂ ಪಕ್ಕಕ್ಕೆ ಭಾರದ ಎರಡು ಚೀಲ ಹೊಲಿದು ಅದೇ ಮರಳು ತುಂಬಿದೆ. ಮೂರೇ ದಿನದಲ್ಲಿ ಮುಗಿಯಿತು. ಹೆಂಡತಿಗೆ ತೋರಿಸಿ, ಹೇಗಿದೆ ಮಾರಾಯ್ತಿ ಅಂದೆ. ಚೆನ್ನಾಗಿದೆ, ಮೊದಲು ಅವಳ ತಲೆಯಲ್ಲಿರೋ ಮರಳು ತೊಳೀರಿ ಅಂದಳು. ಆ ಮಾತು ಆಗಲೇ ನನಗೆ ಅರ್ಥವಾಗಬೇಕಿತ್ತು.

ನಾಲ್ಕನೆಯ ದಿನ ನಾನೊಬ್ಬನೇ ಹಾಸಿಗೆ ಹೊತ್ತು ಶಿವಮೊಗ್ಗಕ್ಕೆ ಹೋದೆ. ಕೂಸನ್ನು ಕರೆತರುವ ಮೊದಲು ಪರೀಕ್ಷೆ ಮಾಡಬೇಕು ಎಂದಿದ್ದರು. ಟೆಕ್ನಿಷಿಯನ್ ಕೈಯಲ್ಲಿ ಒಂದು ಅಯಸ್ಕಾಂತ ಹಿಡಿದು ಹೊರಗಿನ ಕೋಣೆಯಲ್ಲೇ ಹಾಸಿಗೆಯ ಮೇಲೆ ಆಡಿಸಿದರು. ಮಧ್ಯದಲ್ಲಿ ಏನೂ ಆಗಲಿಲ್ಲ. ಪಕ್ಕದ ಚೀಲದ ಹತ್ತಿರ ಬಂದಾಗ ಅಯಸ್ಕಾಂತ ಬಟ್ಟೆಗೆ ಅಂಟಿಕೊಂಡಿತು. ಎಳೆದರೆ ಚೀಲವೂ ಮೂಗು ಚೂಪು ಮಾಡಿಕೊಂಡು ಅದರ ಹಿಂದೆಯೇ ಎದ್ದು ಬಂತು.

"ಒಳಗೆ ಏನಿದೆ?" ಅಂದರು.

"ಮರಳು. ಒಂದು ಪಿನ್ನೂ ಇಲ್ಲ, ನನ್ನಾಣೆ."

"ಎಲ್ಲಿಯ ಮರಳು?"

ಕಾರ್ಖಾನೆಯದ್ದು ಎಂದು ಹೇಳಲು ಬಾಯಿ ತೆರೆದವನು ಅಲ್ಲೇ ನಿಂತೆ. ಎಷ್ಟು ವರ್ಷ ಕಾದ ಕಬ್ಬಿಣ ಕುಡಿದ ಮರಳು ಅದು! ಅಪ್ಪ ಸಂಜೆ ಮನೆಗೆ ಬಂದು ತಲೆ ಕೊಡವಿದರೆ ನೆಲದ ಮೇಲೆ ಹೊಳೆಯುತ್ತಿದ್ದದ್ದು ಏನೆಂದುಕೊಂಡಿದ್ದೆ? ಭದ್ರಾವತಿಯಲ್ಲಿ ಹುಟ್ಟಿದವನಿಗೆ ಕಬ್ಬಿಣ ಕಣ್ಣಿಗೇ ಬೀಳುವುದಿಲ್ಲ, ಮೀನಿಗೆ ನೀರು ಕಾಣದ ಹಾಗೆ.

ಆದರೂ ಸೋಲಲು ಮನಸ್ಸಿಲ್ಲ. ಚೀಲ ಕಿತ್ತು ಹಾಕಿ, ಬರೀ ಸ್ಪಂಜಿನ ಭಾಗ ಇಟ್ಟು ನೋಡಿ ಅಂದೆ. ಅದರ ಮೇಲೆ ಅಯಸ್ಕಾಂತ ಇನ್ನೂ ಎರಡು ಸಲ ಆಡಿಸಿದರು, ಏನೂ ಹಿಡಿಯಲಿಲ್ಲ. ಆಮೇಲೆ ಒಳಗೆ ಇಟ್ಟು, ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಮಲಗಿಸಿ ಚಿತ್ರ ತೆಗೆದರು. ನೀರಿನ ಚಿತ್ರ ದುಂಡಗೆ ಬೆಳ್ಳಗೆ ಬರಬೇಕಂತೆ. ಬಂದದ್ದು ಇಲಿ ಕಚ್ಚಿದ ಕೊಬ್ಬರಿ ಬಟ್ಟಲು. ಒಂದು ಬದಿಯಲ್ಲಿ ಕಪ್ಪು ಗುಳಿ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಚ್ಚು ತೆಗೆಯೋವಾಗ ಒಂದೆರಡು ಕಣ ಸ್ಪಂಜಿನೊಳಗೆ ಹೋಗಿರತ್ತೆ. ಈ ಮಷೀನಿಗೆ ಎಳ್ಳಿನಷ್ಟು ಕಬ್ಬಿಣ ಸಾಕು ಯಜಮಾನ್ರೆ, ಅದರ ಸುತ್ತ ನಿಂಬೆಹಣ್ಣಿನಷ್ಟು ಜಾಗ ಕಪ್ಪಾಗತ್ತೆ. ಆ ಕಪ್ಪು ಬಲಗಡೆ ಕಿಡ್ನಿ ಮೇಲೆ ಬಿತ್ತು ಅಂದ್ಕೊಳ್ಳಿ. ಅಲ್ಲಿ ಗಂಟಿದ್ರೂ ನನಗೆ ಕಾಣಲ್ಲ. ಇಲ್ಲ ಅಂತ ನಾನು ಬರೆದುಕೊಡೋ ಹಾಗಿಲ್ಲ."

ಬಸ್ಸಿನಲ್ಲಿ ಹಾಸಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸ್ ಬಂದೆ. ನಾನೇ ಹೊಲಿದ ಸೀಟಿನಲ್ಲಿ ಕೂತಿದ್ದೆ, ಅವತ್ತು ಅದು ನೆಮ್ಮದಿ ಕೊಡಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಮರಳು ತೊಳೆದು ಉಪಯೋಗಿಸುತ್ತೇನೆ ಎಂದೆ, ಹೊಳೆಯ ಮರಳು ತರುತ್ತೇನೆ ಎಂದೆ, ಏನೇನೋ ಎಂದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ಮರಳೇ ಆಗ್ಬೇಕು ಅಂತ ಯಾರು ಹೇಳಿದ್ರು ಮಾರಾಯ್ರೆ? ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದ್ರೆ ಕೈಯಚ್ಚು ಬೀಳಲ್ವಾ?"

ನಾನು ಎದ್ದು ಹೋಗಿ ಅಕ್ಕಿಹಿಟ್ಟಿನ ಡಬ್ಬದಲ್ಲಿ ಅಂಗೈ ಒತ್ತಿದೆ. ಗೆರೆ ಗೆರೆಯೂ ನಿಂತಿತು. ಅಪ್ಪನ ಮರಳಿಗಿಂತ ನಯ. ಹೆಂಡತಿಗೆ ಅದನ್ನು ಹೇಳಲಿಲ್ಲ, ಹೇಳಿದ್ದರೆ ಇವತ್ತಿನ ತನಕ ಕೇಳಬೇಕಿತ್ತು.

ಈ ಸಲ ಕೆಲಸ ಅಂಗಡಿಯಲ್ಲಿ ಮಾಡಲಿಲ್ಲ. ಜನ್ನಾಪುರದಲ್ಲಿ ಮಗಳ ಮನೆಯ ಹಾಲ್ ಎರಡು ಸಲ ಒರೆಸಿ ಅಲ್ಲೇ ಕೂತೆ. ಹೊಸ ಸ್ಪಂಜು, ಹೊಸ ಬಟ್ಟೆ. ಅರ್ಧ ಮೂಟೆ ಅಕ್ಕಿ ಹಿಟ್ಟು ಮಾಡಿಸಲು ಗಿರಣಿಗೆ ಹೋದರೆ, ಯಾರ ಮದುವೆ ಎಂದು ಕೇಳಿದ ಗಿರಣಿಯವನು. ಒಂದು ಸಲ ಸುಟ್ಟುಕೊಂಡ ಕೈ ನನ್ನದು. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತ ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹಿಟ್ಟಿನಲ್ಲೆಲ್ಲ ಆಡಿಸಿದೆ. ಎತ್ತಿ ನೋಡಿದರೆ ಅದಕ್ಕೆ ಸಣ್ಣ ಮೀಸೆ ಬಂದಿತ್ತು! ಗಿರಣಿಯ ಒಳಗಿನ ಕಬ್ಬಿಣ ಸವೆದ ಪುಡಿ. ಹೆಂಡತಿ ಬಗ್ಗಿ ನೋಡಿದಳು.

"ಇಷ್ಟು ವರ್ಷ ಇದನ್ನೇ ರೊಟ್ಟಿ ಮಾಡಿ ತಿಂದ್ವಾ?"

"ಅದಕ್ಕೇ ನೀನು ಇಷ್ಟು ಗಟ್ಟಿ" ಅಂದೆ. ಆ ವಾರದಲ್ಲಿ ಮಗಳು ನಕ್ಕದ್ದು ಆಗ ಒಂದೇ ಸಲ.

ಆರು ಸಲ ಆಡಿಸಿದ ಮೇಲೆ ಮೀಸೆ ಬರುವುದು ನಿಂತಿತು. ಹಿಟ್ಟಿನ ಮೇಲೆ ಒಗೆದ ಪಂಚೆ ಹಾಸಿ ಕೂಸನ್ನು ಮಲಗಿಸಿದೆ. ಸ್ಟ್ಯಾಚು ಅಂದೆ. ಅದು ನಮ್ಮಿಬ್ಬರ ಹಳೆಯ ಆಟ, ನಾನು ಬಿಡುಗಡೆ ಅನ್ನುವ ತನಕ ಅಲುಗಾಡುವ ಹಾಗಿಲ್ಲ. ಉಸಿರು ಬಿಗಿಹಿಡಿದು ಕಣ್ಣು ಮಾತ್ರ ಆಡಿಸುತ್ತಿದ್ದಳು. ಎಬ್ಬಿಸಿದಾಗ ಹಿಟ್ಟಿನಲ್ಲಿ ಪುಟ್ಟ ಬೆನ್ನು, ಎರಡು ಹಿಮ್ಮಡಿ, ತಲೆಯ ಗುಂಡಿ. ಎಡಗಡೆ ಸೊಂಟದ ಮೇಲೆ ಮಾತ್ರ ಅಚ್ಚು ಒಂದಿಷ್ಟು ಹೆಚ್ಚು ಆಳಕ್ಕೆ ಇಳಿದಿತ್ತು. ಆ ಜಾಗದಲ್ಲಿ ಕಡ್ಡಿ ಇಟ್ಟು ಮೂರು ಸಲ ಆಳ ಅಳೆದೆ. ಎಷ್ಟೋ ಸೀಟು ಅಳೆದಿದ್ದೇನೆ, ಎಂದೂ ಎರಡನೇ ಸಲ ಅಳೆದವನಲ್ಲ.

ಪೂರ್ತಿ ಕೈಹೊಲಿಗೆ. ಒಂದೇ ಸೂಜಿ ಉಪಯೋಗಿಸಿದೆ, ಮುಗಿದ ಮೇಲೆ ಅದು ಮುರಿಯದೆ ಇಡಿಯಾಗಿದೆಯೇ ಎಂದು ನೋಡಿ ಕಾಗದದಲ್ಲಿ ಸುತ್ತಿ ಇಟ್ಟುಕೊಂಡೆ. ಭಾರದ ಚೀಲಗಳಿಗೆ ಮರಳಿನ ಬದಲು ಅಕ್ಕಿ. ಮತ್ತೆ ನೀರಿನ ಬಾಟಲಿಯ ಪರೀಕ್ಷೆ. ಈ ಸಲ ಚಿತ್ರದಲ್ಲಿ ಹುಣ್ಣಿಮೆಯ ಚಂದ್ರ. ನಾನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಸೂಜಿ ತೋರಿಸಿದೆ. ಟೆಕ್ನಿಷಿಯನ್ ಅದನ್ನು ಬೆಳಕಿಗೆ ಹಿಡಿದು, ತುದಿ ನೋಡಿ, ತಲೆಯಾಡಿಸಿದರು. ಕಸುಬುದಾರನಿಗೆ ಕಸುಬುದಾರ ಕೊಡುವ ಮರ್ಯಾದೆ ಅದು.

ಸ್ಕ್ಯಾನಿನ ದಿನ ಒಳಗೆ ನಾನೇ ಬರುತ್ತೇನೆ ಎಂದೆ. ಪ್ಯಾಂಟಿಗೆ ಜಿಪ್ಪು, ಬೆಲ್ಟು ಇರುತ್ತದೆಂದು ಮೊದಲೇ ಪಂಚೆ ಉಟ್ಟು ಹೋಗಿದ್ದೆ. ನನ್ನ ಮೈಯ ಮೇಲೂ ಅಯಸ್ಕಾಂತ ಆಡಿಸಿ ಬಿಡಿ ಅಂದೆ. ನಗುತ್ತಾ ಅವರ ಕ್ರಮದ ಪ್ರಕಾರ ಎಲ್ಲ ಪರೀಕ್ಷಿಸಿದರು. ಕೂಸು ಹಾಸಿಗೆಯಲ್ಲಿ ಮಲಗಿದಳು, ಪೆಟ್ಟಿಗೆಯಲ್ಲಿ ಒಡವೆ ಕೂತ ಹಾಗೆ ಕೂತಳು. ನಮ್ಮಿಬ್ಬರ ಕಿವಿಗೂ ಮುಚ್ಚಳ ಹಾಕಿದರು. ಕೆಮ್ಮು ಅಷ್ಟರಲ್ಲಿ ಇಳಿದಿತ್ತು, ಬಂದರೆ ಏನು ಮಾಡುವುದು ಎಂಬ ಚಿಂತೆ ಮಾತ್ರ ಇಳಿದಿರಲಿಲ್ಲ. ನಾನು ಅವಳ ಕಾಲಿನ ಹೆಬ್ಬೆರಳು ಹಿಡಿದು ನಿಂತೆ.

ಮಷೀನು ಶುರುವಾಯಿತು. ಟಕ ಟಕ ಟಕ, ಆಮೇಲೆ ಗುರ್ರ್, ಮತ್ತೆ ಟಕ ಟಕ. ದಪ್ಪ ರೆಕ್ಸಿನ್ ಮೇಲೆ ನನ್ನ ಹಳೆ ಮಷೀನು ಓಡಿದ ಹಾಗೇ. ಸ್ವಲ್ಪ ಹೊತ್ತಿನಲ್ಲಿ ನನ್ನ ಕೈಯಲ್ಲಿದ್ದ ಹೆಬ್ಬೆರಳು ಸಡಿಲವಾಯಿತು. ಏನಾಯಿತೋ ಎಂದು ಬಗ್ಗಿ ನೋಡಿದರೆ ಬಾಯಿ ತೆರೆದುಕೊಂಡು ನಿದ್ದೆ. ಅಂಗಡಿಯ ಅಭ್ಯಾಸ!

ಮುಗಿದ ಮೇಲೆ ಡಾಕ್ಟರಮ್ಮ ಬಹಳ ಹೊತ್ತು ಪರದೆಯ ಮುಂದೆ ಕೂತಿದ್ದರು. ಬೇರೆ ಯಾರಿಗೋ ಫೋನ್ ಮಾಡಿ ಮಾತಾಡಿದರು. ಮಗಳು ಗೋಡೆಗೆ ಒರಗಿ ನಿಂತಿದ್ದಳು, ಕುರ್ಚಿ ಇದ್ದರೂ ಕೂರಲಿಲ್ಲ. ಆಮೇಲೆ ನಮ್ಮಿಬ್ಬರನ್ನೂ ಒಳಗೆ ಕರೆದರು. ಚಿತ್ರದ ಅಂಚುಗಳು ಕತ್ತರಿಯಲ್ಲಿ ಕತ್ತರಿಸಿದಷ್ಟು ಚೂಪಾಗಿದ್ದವು. ಎಡಗಡೆಯದನ್ನು ತೋರಿಸಿದರು, ಅಲ್ಲಿ ಗಂಟು, ನನಗೂ ಕಂಡಿತು. ಆಮೇಲೆ ಬೆರಳು ಬಲಗಡೆಗೆ ಹೋಯಿತು. ಅವರೆಕಾಳಿನ ಆಕಾರ, ಸುತ್ತಲೂ ಒಂದೇ ಗೆರೆ.

"ಇದರಲ್ಲಿ ಏನೂ ಇಲ್ಲ. ಮೊದಲು ಕಂಡ ನೆರಳು ಕರುಳಿಂದು. ಒಂದೇ ಕಡೆ ಇರೋದು ಕಣಮ್ಮ" ಎಂದು ಮಗಳಿಗೆ ಹೇಳಿದರು.

ಮಗಳು ಆಗ ಕುರ್ಚಿಯಲ್ಲಿ ಕೂತಳು.

ಮುಂದಿನದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಕಥೆ, ಮಗಳು ಅಳಿಯ ಹೇಳಬೇಕಾದದ್ದು. ಔಷಧಿ ಕೊಟ್ಟರು, ಕೂದಲು ಉದುರಿತು, ಆಪರೇಷನ್ ಮಾಡಿ ಎಡ ಕಿಡ್ನಿ ತೆಗೆದರು, ಮತ್ತೆ ಔಷಧಿ, ಮತ್ತೆ ಕೂದಲು ಬಂತು. ಈ ಸಲದ್ದು ಗುಂಗುರು. ಎಲ್ಲಿಂದ ಬಂತು ಗುಂಗುರು ಎಂದು ಹೆಂಡತಿ ಇವತ್ತಿಗೂ ಎರಡೂ ಮನೆತನದ ತಲೆಗಳನ್ನು ಲೆಕ್ಕ ಹಾಕುತ್ತಾಳೆ. ಆ ಅರ್ಧ ಮೂಟೆ ಹಿಟ್ಟನ್ನು ಎರಡೂ ಮನೆಯವರು ತಿಂಗಳುಗಟ್ಟಲೆ ರೊಟ್ಟಿ ಮಾಡಿಕೊಂಡು ತಿಂದೆವು. ಅಷ್ಟು ಶುದ್ಧವಾದ ರೊಟ್ಟಿ ಶಿವಮೊಗ್ಗ ಜಿಲ್ಲೆಯಲ್ಲಿ ಯಾರೂ ತಿಂದಿರಲಿಕ್ಕಿಲ್ಲ.

ಡಾಕ್ಟರಮ್ಮ ಆಮೇಲೆ ಒಂದು ದಿನ ಫೋನ್ ಮಾಡಿದರು. ಬೇರೆ ಮಕ್ಕಳಿಗೂ ಅಂಥದ್ದು ಬೇಕು, ಪ್ರತಿ ಮಗುವಿಗೂ ಅಚ್ಚು ತೆಗೆಯಲು ಆಗುವುದಿಲ್ಲ, ಏನು ಮಾಡೋಣ ಎಂದರು. ಕೂಸಿನದನ್ನೂ ಸೇರಿಸಿ ಮೂರು ಅಳತೆಯಲ್ಲಿ ಮಾಡಿಕೊಟ್ಟೆ: ಎರಡು ವರ್ಷದವರಿಗೆ, ನಾಲ್ಕರವರಿಗೆ, ಆರರವರಿಗೆ. ಪಕ್ಕದ ಅಕ್ಕಿ ಚೀಲ ಹಿಂದೆ ಮುಂದೆ ಸರಿಸಿದರೆ ಕೂಸಿನ ಮೈಗೆ ಹೊಂದುತ್ತದೆ. ಎಲ್ಲ ಮಕ್ಕಳಿಗೂ ಇದು ಆಗುವುದಿಲ್ಲ, ಮದ್ದು ಬೇಕಾದವರಿಗೆ ಬೇಕೇ ಬೇಕು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಆದರೂ ಕೆಲವರು ಎಚ್ಚರದಲ್ಲೇ ಮುಗಿಸಿಕೊಂಡು ಹೋಗುತ್ತಾರಂತೆ. ವರ್ಷಕ್ಕೊಮ್ಮೆ ಬಟ್ಟೆ ಬದಲಿಸಲು ಹೋದಾಗ ಟೆಕ್ನಿಷಿಯನ್ ಅಯಸ್ಕಾಂತ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. "ಅಪ್ಪನ ಮರಳು ತಂದಿಲ್ಲ ತಾನೇ?" ಎಂದು ಕೇಳುವುದು ಅವರ ವಾಡಿಕೆ. ಮಾತು ಕಡಿಮೆ ಎಂದಿದ್ದೆನಲ್ಲ, ಆ ಒಂದು ಮಾತಿಗೆ ಮಾತ್ರ ಕಡಿಮೆಯಿಲ್ಲ.

ಮೊನ್ನೆ ಚೆಕಪ್ಪಿಗೆ ಶಿವಮೊಗ್ಗಕ್ಕೆ ಹೋದಾಗ ಕೂಸು ತನ್ನ ಹಳೆಯ ಹಾಸಿಗೆಯಲ್ಲಿ ಮಲಗಲು ನೋಡಿದಳು. ಕಾಲು ಒಂದು ಗೇಣು ಹೊರಗೆ ಬಂತು. "ಅಜ್ಜ, ನಿನ್ನ ಅಳತೆ ತಪ್ಪು" ಅಂದಳು. ನನ್ನ ಅಳತೆ ತಪ್ಪು ಎಂದು ಯಾರಾದರೂ ಹೇಳಿದರೆ ನಾನು ಬಿಡುವವನಲ್ಲ. ಅವತ್ತು ಒಪ್ಪಿಕೊಂಡೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅಂಗಡಿ ಒಂದು. ಹೊಲಿಗೆ ಮಷೀನು ಎರಡು, ಅದರಲ್ಲಿ ಹಳೆಯದು ಒಂದು. ಅಪ್ಪನ ಮರಳು ಎರಡು ಮೂಟೆ, ಡ್ರೈವರುಗಳಿಗೆ ಮಾತ್ರ. ಸ್ಪೀಕರಿನ ಅಯಸ್ಕಾಂತ ಒಂದು, ಅದು ಅಡುಗೆಮನೆಯಲ್ಲಿ ಹೆಂಡತಿಯ ವಶದಲ್ಲಿದೆ. ಕಾಗದದಲ್ಲಿ ಸುತ್ತಿದ ಸೂಜಿ ಒಂದು. ಶಿವಮೊಗ್ಗದಲ್ಲಿ ಹಾಸಿಗೆ ಮೂರು. ಎರಡನೇ ಕ್ಲಾಸಿನಲ್ಲಿ ಓದುತ್ತಿರುವ ಮೊಮ್ಮಗಳು ಒಬ್ಬಳು. ಅವಳಿಗೆ ಕಿಡ್ನಿ ಒಂದು.